ಹೂ ಚೆಲ್ಲಿದ ಬೆಳಿಗ್ಗೆ

(ಧಾರವಾಡದಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ 'ಮಹಿಳೆಯರ ಮೇಲಿನ ಅಪರಾಧ ಮತ್ತು ಮಾಧ್ಯಮ'. ಈ ವಿಷಯದ ಮೇಲೆ ಒಂದು ಗಂಟೆ ಮಾತಾಡಿಯೂ ಏನೂ ಹೇಳದೆ ಮನೆಗೆ ಹೋಗಬಹುದು. ಅಂಥ ಭಾಷಣ ನಾನು ಬೇಕಾದಷ್ಟು ಕೇಳಿದ್ದೇನೆ, ಒಂದೆರಡು ಸಲ ಮಾಡಿಯೂ ಇದ್ದೇನೆ. ಹಾಗಾಗಿ ಇವತ್ತು ಒಂದೇ ಪ್ರಕರಣ ಹಿಡಿದುಕೊಂಡು ಬಂದಿದ್ದೇನೆ. ಅದರ ಜೊತೆಗೆ ಒಂದು ಪೇಡೆಯ ಕಥೆ.

2019ರ ಡಿಸೆಂಬರ್ 6, ಶುಕ್ರವಾರ. ನಾನಾಗ ಒಂದು ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ಡೆಸ್ಕ್ ಅಂದರೆ ಗೊತ್ತಲ್ವಾ, ವರದಿಗಾರರು ಕಳಿಸಿದ್ದನ್ನು ತಿದ್ದಿ, ಹೆಡ್ಡಿಂಗ್ ಕೊಟ್ಟು, ಪುಟದಲ್ಲಿ ಕೂರಿಸುವವರು. ನಮ್ಮ ಹೆಸರು ಪೇಪರಿನಲ್ಲಿ ಬರುವುದಿಲ್ಲ. ತಪ್ಪಾದ ದಿನ ಮಾತ್ರ ನಾವು ಎಲ್ಲರಿಗೂ ನೆನಪಾಗುತ್ತೇವೆ. ಅವತ್ತು ಮಧ್ಯಾಹ್ನ ಆಫೀಸಿಗೆ ಹೋದರೆ ಎಲ್ಲರೂ ಟೀವಿ ಮುಂದೆ ನಿಂತಿದ್ದರು. ಹೈದರಾಬಾದ್ ಹತ್ತಿರದ ಚಟಾನ್‌ಪಲ್ಲಿಯಲ್ಲಿ ಬೆಳಗಿನ ಜಾವ ಪೊಲೀಸರ ಗುಂಡಿಗೆ ನಾಲ್ವರು ಆರೋಪಿಗಳು ಸತ್ತಿದ್ದರು. ಒಬ್ಬ ಯುವ ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ, ಕೊಂದು, ಸುಟ್ಟ ಆರೋಪ ಅವರ ಮೇಲಿತ್ತು. ಟೀವಿಯಲ್ಲಿ ಜನ ಪೊಲೀಸರ ಮೇಲೆ ಹೂವಿನ ಎಸಳು ಚೆಲ್ಲುತ್ತಿದ್ದರು. ಪಟಾಕಿ, ಜೈಕಾರ, ಸಿಹಿ ಹಂಚಿಕೆ. ಕೆಲವು ಪೊಲೀಸರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಿದ್ದರು.

ನಮ್ಮ ಪುಟ ಕಟ್ಟುವ ಹುಡುಗ ಒಂದು ಡಬ್ಬಿ ಹಿಡಿದು ಮೇಜಿಂದ ಮೇಜಿಗೆ ಬರುತ್ತಿದ್ದ. ಧಾರವಾಡ ಪೇಡೆ, ಅರ್ಧ ಕೇಜಿ. "ತಗೋರಿ ಮೇಡಂ, ಇವತ್ತ ಬಾಯಿ ಸಿಹಿ ಮಾಡ್ಕೋಬೇಕು. ನಮ್ಮ ಹುಬ್ಬಳ್ಳಿಯವ್ರು ಮಾಡಿ ತೋರ್ಸ್ಯಾರ" ಎಂದ. ಆಗ ಸೈಬರಾಬಾದ್ ಪೊಲೀಸ್ ಕಮಿಷನರ್ ಆಗಿದ್ದವರು ವಿ.ಸಿ. ಸಜ್ಜನರ. ಮೂಲ ಹುಬ್ಬಳ್ಳಿ. 2008ರಲ್ಲಿ ವಾರಂಗಲ್‌ನಲ್ಲಿ ಇಬ್ಬರು ವಿದ್ಯಾರ್ಥಿನಿಯರ ಮೇಲೆ ಆ್ಯಸಿಡ್ ದಾಳಿ ಮಾಡಿದ ಮೂವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗಲೂ ಅಲ್ಲಿ ಎಸ್‌ಪಿ ಆಗಿದ್ದವರು ಅವರೇ. ನಮ್ಮ ಕನ್ನಡ ಚಾನೆಲ್‌ಗಳಿಗೆ ಅವತ್ತು ಬೇರೆ ಸುದ್ದಿಯೇ ಬೇಡವಾಗಿತ್ತು.

ನಾನು ಪೇಡೆ ತಗೊಂಡೆ. ತಿಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ದೊಡ್ಡ ನ್ಯಾಯವಂತೆ ಅಂದುಕೊಳ್ಳುವುದು ಬೇಡ. ಆ ವೈದ್ಯೆಯ ಕೊಲೆಯಾದಾಗಿನಿಂದ ಒಂಬತ್ತು ದಿನ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಮುಗಿಸಿ ಸ್ಕೂಟಿಯಲ್ಲಿ ಮನೆಗೆ ಹೋಗುವವಳು ನಾನು. ಅವ್ವ ದಿನಾ ಫೋನ್ ಮಾಡುತ್ತಿದ್ದಳು: "ಗಾಡಿ ಪಂಕ್ಚರ್ ಆದ್ರ ಯಾರನ್ನೂ ಕೇಳಬ್ಯಾಡ. ಅಲ್ಲೇ ಬಿಟ್ಟು ಓಡಿ ಬಾ." ಹೀಗೆ ಹೆದರಿದವಳಿಗೆ ಆ ಪೇಡೆ ನಿಜವಾಗಿಯೂ ಸಿಹಿಯಾಗಿತ್ತು.

ಅವ್ವ ಪಂಕ್ಚರ್ ಅಂದದ್ದಕ್ಕೆ ಕಾರಣ ಇತ್ತು. ನವೆಂಬರ್ 27ರ ಸಂಜೆ ಆ ವೈದ್ಯೆ ಶಂಷಾಬಾದ್ ಹತ್ತಿರದ ತೊಂಡುಪಲ್ಲಿ ಟೋಲ್ ಪಕ್ಕ ಸ್ಕೂಟರ್ ನಿಲ್ಲಿಸಿ ಚರ್ಮವೈದ್ಯರನ್ನು ನೋಡಲು ಹೋಗಿದ್ದಳು. ರಾತ್ರಿ ವಾಪಸ್ ಬಂದಾಗ ಗಾಲಿಯಲ್ಲಿ ಗಾಳಿ ಇರಲಿಲ್ಲ. ಬೇಕೆಂದೇ ಗಾಳಿ ತೆಗೆದಿದ್ದರು ಎಂದು ಆಮೇಲೆ ಪೊಲೀಸರು ಹೇಳಿದರು. ಗಂಟೆ ಒಂಬತ್ತು ದಾಟಿತ್ತು. ತಂಗಿಗೆ ಫೋನ್ ಮಾಡಿ ಭಯ ಆಗ್ತಿದೆ ಅಂದಳು. ಸ್ವಲ್ಪ ಹೊತ್ತಿನಲ್ಲಿ ಫೋನ್ ಆಫ್ ಆಯಿತು. ಮರುದಿನ ಬೆಳಿಗ್ಗೆ ಚಟಾನ್‌ಪಲ್ಲಿಯ ಸೇತುವೆ ಕೆಳಗೆ ಸುಟ್ಟ ದೇಹ ಸಿಕ್ಕಿತು.

ಆ ರಾತ್ರಿ ಮನೆಯವರು ಪೊಲೀಸ್ ಠಾಣೆಗೆ ಹೋಗಿದ್ದರು. ಇದು ನಮ್ಮ ಸರಹದ್ದಲ್ಲ, ಆ ಠಾಣೆಗೆ ಹೋಗಿ ಎಂದು ಕಳಿಸಿದರು. ಮಗಳು ಕಾಣಿಸುತ್ತಿಲ್ಲ ಎಂದು ಅಳುತ್ತಾ ಬಂದವರಿಗೆ ಮ್ಯಾಪ್ ತೋರಿಸಿದ ಹಾಗೆ. ಈ ವಿಳಂಬಕ್ಕಾಗಿಯೇ ಒಬ್ಬ ಎಸ್‌ಐ ಮತ್ತು ಇಬ್ಬರು ಹೆಡ್ ಕಾನ್‌ಸ್ಟೆಬಲ್‌ಗಳನ್ನು ಎರಡು ದಿನದ ನಂತರ ಸಸ್ಪೆಂಡ್ ಮಾಡಿದರು. ನನ್ನ ಪ್ರಕಾರ ಇಡೀ ಪ್ರಕರಣದ ಜೀವ ಇರುವುದು ಈ ಜಾಗದಲ್ಲಿ. ಎಲ್ಲಿಯ ಘಟನೆಯಾದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಬರೆದುಕೊಳ್ಳಬೇಕು, ಅದಕ್ಕೆ ಜೀರೊ ಎಫ್‌ಐಆರ್ ಎನ್ನುತ್ತಾರೆ. ಈ ವ್ಯವಸ್ಥೆ 2019ರಲ್ಲೂ ಇತ್ತು. ಅತ್ಯಾಚಾರದಂಥ ಅಪರಾಧದ ದೂರು ಬರೆದುಕೊಳ್ಳದ ಪೊಲೀಸರಿಗೇ ಶಿಕ್ಷೆ ಎಂದು 2013ರಲ್ಲಿ ಕಾನೂನು ಬದಲಾಗಿತ್ತು. ಹಾಗಿದ್ದರೂ ಠಾಣೆಯಿಂದ ಠಾಣೆಗೆ ಅಲೆದಾಟ. ಈಗ ನೋಡಿ, ಆ ಠಾಣೆ ಆಗ ಬರುತ್ತಿದ್ದುದು ಸೈಬರಾಬಾದ್ ಕಮಿಷನರೇಟ್ ಅಡಿಯಲ್ಲಿ. ಒಂಬತ್ತು ದಿನದ ನಂತರ ಹೂವು ಬಿದ್ದದ್ದೂ ಅದೇ ಕಮಿಷನರೇಟ್ ಮೇಲೆ. ಹೂವಿನ ಕೆಳಗೆ ಆ ರಾತ್ರಿಯ ಪ್ರಶ್ನೆ ಮುಚ್ಚಿಹೋಯಿತು. ನಾನೂ ಕೇಳಲಿಲ್ಲ. ನನ್ನ ಬಾಯಲ್ಲಿ ಪೇಡೆ ಇತ್ತು.

ನಡುವಿನ ದಿನಗಳಲ್ಲಿ ಏನಾಯಿತು ಅನ್ನುವುದನ್ನು ಡೆಸ್ಕ್‌ನಲ್ಲಿ ಕೂತು ನೋಡಿದ್ದೇನೆ. ಶಾದ್‌ನಗರ ಠಾಣೆ ಮುಂದೆ ಸಾವಿರಾರು ಜನ ಸೇರಿದರು. ಚಪ್ಪಲಿ ತೂರಿದರು, ಪೊಲೀಸರು ಲಾಠಿ ಬೀಸಿದರು. ಆರೋಪಿಗಳನ್ನು ಹೊರಗೆ ತಂದು ಕೋರ್ಟಿಗೆ ಒಯ್ಯುವುದೇ ಕಷ್ಟವಾಗಿ, ತಹಶೀಲ್ದಾರರೇ ಠಾಣೆಗೆ ಬಂದು ರಿಮಾಂಡ್ ಮಾಡಿದರು. ಶಾದ್‌ನಗರದ ವಕೀಲರು ಇವರ ಪರ ವಕಾಲತ್ತು ಹಾಕುವುದಿಲ್ಲ ಎಂದು ತೀರ್ಮಾನ ಮಾಡಿದರು. ರಾಜ್ಯಸಭೆಯಲ್ಲಿ ಜಯಾ ಬಚ್ಚನ್, ಇಂಥವರನ್ನು ಸಾರ್ವಜನಿಕವಾಗಿ ಜನರ ಕೈಗೇ ಕೊಡಬೇಕು ಎಂಬರ್ಥದ ಮಾತಾಡಿದರು. ತೆಲಂಗಾಣದ ಗೃಹ ಮಂತ್ರಿ ಮಹಮೂದ್ ಅಲಿ, ತಂಗಿಗೆ ಫೋನ್ ಮಾಡುವ ಬದಲು 100ಕ್ಕೆ ಮಾಡಿದ್ದರೆ ಉಳಿಯುತ್ತಿದ್ದಳು ಎಂದರು. ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಮೊದಲ ಕೆಲವು ದಿನ ಬಾಯಿ ಬಿಡಲಿಲ್ಲ. ಬಿಟ್ಟ ಮೇಲೆ, ಸಾರಿಗೆ ಸಂಸ್ಥೆಯ ಮಹಿಳಾ ಸಿಬ್ಬಂದಿಗೆ ರಾತ್ರಿ 8ರ ನಂತರ ಡ್ಯೂಟಿ ಬೇಡ ಎಂದರು.

ನಗಬೇಡಿ. ನಮ್ಮಲ್ಲೂ ಇದೇ ಕಥೆ. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಅವರು ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದಿತ್ತು ಎಂದರು, ಆಮೇಲೆ ಮಾತು ವಾಪಸ್ ತಗೊಂಡರು. ಮೈಸೂರು ವಿಶ್ವವಿದ್ಯಾಲಯ ಸಂಜೆ 6.30ರ ಮೇಲೆ ವಿದ್ಯಾರ್ಥಿನಿಯರು ಕ್ಯಾಂಪಸ್‌ನಲ್ಲಿ ಒಬ್ಬರೇ ಓಡಾಡಬಾರದು ಎಂದು ಸುತ್ತೋಲೆ ಹೊರಡಿಸಿ, ಗಲಾಟೆ ಆದ ಮೇಲೆ ಹಿಂದೆ ತಗೊಂಡಿತು. ಹೊತ್ತು ಮಾತ್ರ ಬೇರೆ. ಅಲ್ಲಿ ಎಂಟು, ಇಲ್ಲಿ ಆರೂವರೆ.

ಆ ಗದ್ದಲದಲ್ಲಿ ನನ್ನ ಕಣ್ಣಿಗೆ ಕಟ್ಟಿದ ಹಾಗೆ ಉಳಿದಿರುವುದು ಒಂದು ಗೇಟು. ವೈದ್ಯೆಯ ಮನೆ ಇದ್ದ ಬಡಾವಣೆಯವರು ಡಿಸೆಂಬರ್ 1ರಂದು ಗೇಟಿಗೆ ಬೀಗ ಹಾಕಿ, ಬೋರ್ಡು ಹಿಡಿದು ನಿಂತರು. ಮಾಧ್ಯಮ ಬೇಡ, ಪೊಲೀಸರು ಬೇಡ, ಹೊರಗಿನವರು ಬೇಡ. ಅನುಕಂಪ ಬೇಡ, ಕ್ರಮ ಬೇಕು. ಒಳಗೆ ಬರಲು ರಾಜಕಾರಣಿಗಳು ಸಾಲು ನಿಂತಿದ್ದರು. ಮಾಧ್ಯಮದವರು ಗೇಟಿನ ಹೊರಗೆ ನಿಂತು ಆ ಬೋರ್ಡನ್ನೇ ಫೋಟೊ ತೆಗೆದರು. ನಾನು ಆ ಫೋಟೊವನ್ನು ಪುಟಕ್ಕೆ ಹಾಕಿದೆ, ಮೂರು ಕಾಲಂ ಅಗಲಕ್ಕೆ. ಮಾಧ್ಯಮ ಬೇಡ ಅನ್ನುವ ಬೋರ್ಡು ನಮಗೆ ಒಳ್ಳೆ ಫೋಟೊ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಇದು ನಿಮಗೆ ನಾಳೆ ಕೆಲಸಕ್ಕೆ ಬೀಳುವ ಮಾತು. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಹಾಕಬಾರದು ಎಂಬ ಕಾನೂನು 1983ರಿಂದ ಇದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಈಗ ಅದು 72ನೇ ಕಲಂ. ಸತ್ತವರಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತ್ತು. ಅದಾಗಿ ಒಂದು ವರ್ಷ ತುಂಬಿರಲಿಲ್ಲ, ಈ ವೈದ್ಯೆಯ ಹೆಸರು ಹ್ಯಾಷ್‌ಟ್ಯಾಗ್ ಆಗಿ ದೇಶದ ತುಂಬಾ ಓಡಿತು. ಯಾಕೆ ಹೀಗಾಗುತ್ತೆ? ಡೆಸ್ಕ್‌ನವಳಾಗಿ ಹೇಳುತ್ತೇನೆ. ಮೊದಲ ದಿನ ಸುದ್ದಿ ಬರುವುದು ಕೊಲೆ ಸುದ್ದಿಯಾಗಿ. ಕೊಲೆ ಸುದ್ದಿಯಲ್ಲಿ ಹೆಸರು, ಊರು, ಕೆಲಸ, ಫೋಟೊ ಎಲ್ಲ ಇರುತ್ತವೆ. ಅತ್ಯಾಚಾರ ಎಂದು ಗೊತ್ತಾಗುವ ಹೊತ್ತಿಗೆ ಫೋಟೊ ವಾಟ್ಸಾಪ್‌ನಲ್ಲಿ ಊರು ಸುತ್ತಿರುತ್ತದೆ. ಎಲ್ಲರೂ ಹಾಕಿದ್ದಾರೆ, ನಾವೊಬ್ಬರು ಬಿಟ್ಟರೆ ಏನು ಪ್ರಯೋಜನ ಅನ್ನುತ್ತಾರೆ. ಮೊದಲ ದಿನ ನಾವೂ ಹಾಕಿದ್ದೆವು. ಎರಡನೇ ದಿನ ತೆಗೆದೆವು. ಆಮೇಲೆ ಪೊಲೀಸರೇ 'ದಿಶಾ' ಎಂದು ಕರೆಯಿರಿ ಎಂದರು. ಆರೋಪಿಗಳ ಹೆಸರಿನ ಪಾಡು ಇನ್ನೊಂದು. ನಾಲ್ವರಲ್ಲಿ ಒಬ್ಬ ಮುಸ್ಲಿಂ. ಮೊದಲ ದಿನದ ಎಷ್ಟೋ ಮೆಸೇಜುಗಳಲ್ಲಿ ಅವನೊಬ್ಬನ ಹೆಸರೇ ಇತ್ತು, ಉಳಿದ ಮೂವರು ಮಾಯ.

ಇನ್ನು ನಮ್ಮ ಕನ್ನಡದ ಹೆಡ್ಡಿಂಗುಗಳ ಬಗ್ಗೆ. ಅತ್ಯಾಚಾರದ ಆರೋಪಿಗೆ ನಾವು ಇಡುವ ಹೆಸರು ಯಾವುದು ಹೇಳಿ? (ಇಲ್ಲಿ ಹಿಂದಿನ ಸಾಲಿನಿಂದ ಒಬ್ಬಳು 'ಕಾಮುಕ' ಎಂದಳು, ಇನ್ನೊಬ್ಬ 'ಕೀಚಕ' ಎಂದ.) ಹೌದು, ಕೀಚಕ. ಚಿಕ್ಕ ಪದ, ಮೂರೇ ಅಕ್ಷರ, ಎರಡು ಕಾಲಮ್ಮಿನಲ್ಲಿ ದಪ್ಪಗೆ ಕೂರುತ್ತದೆ. ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಆ ಪದ ಬರೆದ ಕೂಡಲೇ ಕಥೆಯ ಕೊನೆಯನ್ನೂ ಬರೆದ ಹಾಗೆ. ಕೀಚಕನಿಗೆ ವಿಚಾರಣೆ ಇಲ್ಲ. ಕತ್ತಲಲ್ಲಿ ಭೀಮ ಬರುತ್ತಾನೆ, ಮುದ್ದೆ ಮಾಡಿ ಬಿಸಾಕುತ್ತಾನೆ. ಆಟ ನೋಡುವವರು ಆ ಗಳಿಗೆಗೇ ಕಾದು ಕೂತಿರುತ್ತಾರೆ. ಡಿಸೆಂಬರ್ 6ರ ಬೆಳಿಗ್ಗೆ ಜನ ನೋಡಿದ್ದು ಭೀಮನನ್ನು.

ಆದರೆ ಆ ಕಥೆಯಲ್ಲಿ ಇನ್ನೆರಡು ಭಾಗ ಇವೆ, ನಾವು ಹೆಡ್ಡಿಂಗಿಗೆ ತರದವು. ದ್ರೌಪದಿ ಮೊದಲು ಹೋಗಿದ್ದು ವಿರಾಟನ ಸಭೆಗೆ. ಸಭೆಯಲ್ಲೇ ಕೀಚಕ ಅವಳನ್ನು ಒದ್ದ. ರಾಜ ಸುಮ್ಮನೆ ಕೂತ. ಅಂದರೆ ಠಾಣೆಗೆ ಹೋಗಿದ್ದಳು, ದೂರು ಬರೆದುಕೊಳ್ಳಲಿಲ್ಲ. ಎರಡನೆಯದು, ಕೀಚಕ ಸತ್ತ ಮೇಲೂ ಅವಳ ಕಷ್ಟ ಮುಗಿಯಲಿಲ್ಲ. ಇವಳಿಂದಲೇ ನಮ್ಮಣ್ಣ ಸತ್ತ ಎಂದು ಅವನ ತಮ್ಮಂದಿರು ಅವಳನ್ನು ಹೆಣದ ಜೊತೆ ಸುಡಲು ಹೊತ್ತುಕೊಂಡು ಹೋದರು. ಹೆಂಗಸು ಯಾಕೆ ಅಲ್ಲಿಗೆ ಹೋದಳು ಅನ್ನುವ ಪ್ರಶ್ನೆ ಆಗಲೂ ಇತ್ತು ಅಂತಾಯಿತು.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಸಂಗತಿ. ಹೈದರಾಬಾದ್ ಘಟನೆಗೆ ಮೂರು ದಿನ ಮೊದಲು, ನವೆಂಬರ್ 24ರಂದು, ಅದೇ ತೆಲಂಗಾಣದ ಆಸಿಫಾಬಾದ್ ಜಿಲ್ಲೆಯಲ್ಲಿ ಒಬ್ಬ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿ ಕೊಂದರು. ದಲಿತ ಮಹಿಳೆ. ಹಳ್ಳಿ ಹಳ್ಳಿ ತಿರುಗಿ ಚಿಕ್ಕಪುಟ್ಟ ಸಾಮಾನು ಮಾರಿ ಸಂಸಾರ ನಡೆಸುತ್ತಿದ್ದವಳು. ಮರುದಿನ ದೇಹ ಸಿಕ್ಕಿತು. ಮೂವರ ಬಂಧನವಾಯಿತು. ದಿಲ್ಲಿಯಲ್ಲಿ ಯಾರೂ ಮೇಣದಬತ್ತಿ ಹಚ್ಚಲಿಲ್ಲ. ಹೈದರಾಬಾದ್ ಹೊತ್ತಿ ಉರಿಯುವಾಗ ದಲಿತ ಸಂಘಟನೆಗಳು, ನಮ್ಮ ಹೆಣ್ಣುಮಗಳ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ ಎಂದು ಕೇಳಿದವು. ಆಮೇಲೆ ಅವಳಿಗೂ ಒಂದು ಹೆಸರು ಸಿಕ್ಕಿತು: ಸಮತಾ. ನಿರ್ಭಯಾ, ದಿಶಾ, ಅಭಯಾ ಎಂದು ಎಂತೆಂಥ ಹೆಸರುಗಳನ್ನು ಕೊಡುತ್ತೇವೆ ನೋಡಿ. ಇವಳಿಗೆ ಸಮತಾ ಎಂದು ಹೆಸರಿಟ್ಟವರಿಗೆ ಅದರ ವ್ಯಂಗ್ಯ ಹೊಳೆದಿತ್ತೋ ಇಲ್ಲವೋ.

ಆ ಸುದ್ದಿ ನಮ್ಮ ಡೆಸ್ಕಿಗೂ ಬಂದಿತ್ತು. ಏಜೆನ್ಸಿ ಕಾಪಿ, ಐದಾರು ಸಾಲು. ನಾನು ಅದನ್ನು ಒಂದು ಸಿಂಗಲ್ ಕಾಲಂ ಮಾಡಿಟ್ಟಿದ್ದೆ. ರಾತ್ರಿ ಒಂಬತ್ತೂವರೆಗೆ ಕೊನೆ ಗಳಿಗೆಯಲ್ಲಿ ಒಂದು ಜಾಹೀರಾತು ಬಂತು, ಸೀರೆ ಅಂಗಡಿಯದು. ಏನಾದರೂ ತೆಗೆಯಬೇಕಿತ್ತು. ಅದನ್ನು ತೆಗೆದೆ. ಎರಡು ಸಲ ಯೋಚನೆ ಮಾಡಲಿಲ್ಲ. ತೆಲಂಗಾಣದ ಯಾವುದೋ ಹಳ್ಳಿ, ನಮ್ಮ ಓದುಗರಿಗೇನು ಸಂಬಂಧ ಅನಿಸಿತ್ತು. ಮೂರೇ ದಿನದಲ್ಲಿ ಅದೇ ತೆಲಂಗಾಣದ ಇನ್ನೊಬ್ಬಳು ನಮ್ಮ ಮುಖಪುಟದ ಲೀಡ್ ಆದಳು. ಯಾಕೆಂದರೆ ಅವಳು ನಾನೇ ಆಗಿರಬಹುದಿತ್ತು. ಓದಿದವಳು, ಸ್ಕೂಟರ್ ಓಡಿಸುವವಳು, ರಾತ್ರಿ ಮನೆಗೆ ಫೋನ್ ಮಾಡುವವಳು. ಸಿಟ್ಟು ಬರುವುದು ನಮ್ಮ ಹಾಗಿರುವವರಿಗೆ ಏಟು ಬಿದ್ದಾಗ. 2019ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 32,033. ದಿನಕ್ಕೆ ಸುಮಾರು 88. ಆ ವರ್ಷದಲ್ಲಿ ನಿಮಗೆ ಎಷ್ಟು ನೆನಪಿವೆ? ನನಗೂ ಅಷ್ಟೇ.

ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಸಮತಾ ಪ್ರಕರಣಕ್ಕೆ ವಿಶೇಷ ಕೋರ್ಟ್ ಬಂದಿದ್ದು ಹೈದರಾಬಾದ್ ಗದ್ದಲದ ಬಿಸಿಯಲ್ಲೇ. ಜನರ ಸಿಟ್ಟಿಗೆ ಬೆಲೆ ಇಲ್ಲ ಎಂದು ನಾನು ಹೇಳುತ್ತಿಲ್ಲ. 2012ರ ದಿಲ್ಲಿಯನ್ನೇ ನೋಡಿ. ಡಿಸೆಂಬರ್ 16ರ ಆ ರಾತ್ರಿಯ ನಂತರ ಚಳಿಯಲ್ಲಿ ಜಲಫಿರಂಗಿ ಎದುರು ನಿಂತ ಹುಡುಗ ಹುಡುಗಿಯರು ಇಲ್ಲದಿದ್ದರೆ ಜಸ್ಟಿಸ್ ವರ್ಮಾ ಸಮಿತಿ ಇರುತ್ತಿರಲಿಲ್ಲ. ಸುಮಾರು 80,000 ಸಲಹೆಗಳು ಬಂದವು. ಅವನ್ನೆಲ್ಲ ಇಟ್ಟುಕೊಂಡು 29 ದಿನದಲ್ಲಿ ವರದಿ ಬರೆದರು. ಬೀದಿಯಲ್ಲಿ ಗಲ್ಲು ಗಲ್ಲು ಎಂದು ಕೂಗುತ್ತಿದ್ದಾಗ ಅತ್ಯಾಚಾರಕ್ಕೆ ಗಲ್ಲು ಬೇಡ ಎಂದ ಸಮಿತಿ ಅದು. ಹಿಂಬಾಲಿಸುವುದು, ಆ್ಯಸಿಡ್ ಎರಚುವುದು ಇವೆಲ್ಲ ಬೇರೆ ಬೇರೆ ಅಪರಾಧಗಳಾಗಿ ಕಾನೂನಿಗೆ ಬಂದದ್ದು ಆ ಗಲಾಟೆಯ ನಂತರವೇ. ದೂರು ಬರೆದುಕೊಳ್ಳದ ಪೊಲೀಸರಿಗೆ ಶಿಕ್ಷೆ ಎಂದೆನಲ್ಲ, ಅದೂ ಆಗಲೇ ಬಂದದ್ದು.

ಹೈದರಾಬಾದ್ ಸಿಟ್ಟಿನಿಂದ ಏನು ಬಂತು? ಪಕ್ಕದ ಆಂಧ್ರಪ್ರದೇಶ ಒಂದೇ ವಾರದಲ್ಲಿ 'ದಿಶಾ' ಮಸೂದೆ ಪಾಸು ಮಾಡಿತು, 21 ದಿನದಲ್ಲಿ ತೀರ್ಪು ಎಂದಿತು. ಅದು ಜಾರಿಗೇ ಬರಲಿಲ್ಲ. ಎನ್‌ಕೌಂಟರ್ ಬಗ್ಗೆ ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್‌ಕರ್ ಆಯೋಗ ನೇಮಿಸಿತು. ಅದರಲ್ಲಿ ಸಿಬಿಐ ಮಾಜಿ ನಿರ್ದೇಶಕ ಡಿ.ಆರ್. ಕಾರ್ತಿಕೇಯನ್ ಇದ್ದರು, ಅವರು ನಮ್ಮ ಕರ್ನಾಟಕ ಕೇಡರ್‌ನ ಅಧಿಕಾರಿ. ಹುಬ್ಬಳ್ಳಿಯವರು ಎಂದು ಕುಣಿದ ನಾವು ಈ ಕರ್ನಾಟಕ ನಂಟನ್ನು ಎಲ್ಲೂ ಬರೆಯಲಿಲ್ಲ. ವರದಿ ಹೊರಬಿದ್ದದ್ದು 2022ರ ಮೇ ತಿಂಗಳಲ್ಲಿ. ಆರೋಪಿಗಳು ಪಿಸ್ತೂಲು ಕಿತ್ತುಕೊಂಡರು ಎಂಬ ಪೊಲೀಸರ ಮಾತನ್ನು ಆಯೋಗ ನಂಬಲಿಲ್ಲ. ಸಾಯಲಿ ಎಂದೇ ಗುಂಡು ಹಾರಿಸಿದ್ದಾರೆ ಎಂದಿತು. ನಾಲ್ವರಲ್ಲಿ ಮೂವರು ಅಪ್ರಾಪ್ತರು ಎಂದಿತು. ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದಿತು. ಕಮಿಷನರ್ ಅವರ ಹೆಸರು ಆ ಹತ್ತರಲ್ಲಿ ಇಲ್ಲ, ಅದನ್ನೂ ಹೇಳಬೇಕು.

ಆ ನಾಲ್ವರು ನಿಜವಾಗಿ ತಪ್ಪಿತಸ್ಥರಾ? ನಮಗೆ ಅನಿಸಿರಬಹುದು. ಆದರೆ ಆ ವೈದ್ಯೆಯ ಪ್ರಕರಣ ಕೋರ್ಟಿನಲ್ಲಿ ನಡೆಯಲೇ ಇಲ್ಲ. ಸಾಕ್ಷಿ ಹೇಳಿಕೆ ಆಗಲಿಲ್ಲ, ಪಾಟೀ ಸವಾಲು ಆಗಲಿಲ್ಲ. ಆ ರಾತ್ರಿ ಠಾಣೆಯಲ್ಲಿ ಏನಾಯಿತು ಎಂದು ಮನೆಯವರು ಕಟಕಟೆಯಲ್ಲಿ ನಿಂತು ಹೇಳುವ ಅವಕಾಶವೂ ಬರಲಿಲ್ಲ.

ಆಸಿಫಾಬಾದ್ ಪ್ರಕರಣ ನಡೆಯಿತು. ಆದಿಲಾಬಾದ್‌ನ ವಿಶೇಷ ಕೋರ್ಟಿನಲ್ಲಿ ಚಾರ್ಜ್‌ಶೀಟ್, ಸಾಕ್ಷಿ, ವಾದ, ಪ್ರತಿವಾದ ಎಲ್ಲ ಆಗಿ 2020ರ ಜನವರಿ 30ರಂದು ತೀರ್ಪು ಬಂತು. ಮೂವರಿಗೂ ಮರಣದಂಡನೆ. ಗಲ್ಲು ಸರಿಯೋ ತಪ್ಪೋ ಅದು ಬೇರೆ ಚರ್ಚೆ, ನನಗೆ ಅದರಲ್ಲಿ ಒಲವಿಲ್ಲ. ನಾನು ನೋಡುವುದು ಕ್ಯಾಲೆಂಡರ್. ಘಟನೆಯಿಂದ ತೀರ್ಪಿಗೆ ಎರಡು ತಿಂಗಳು, ಮೇಲೆ ಆರು ದಿನ. ನಮ್ಮ ಕೋರ್ಟುಗಳಲ್ಲಿ ಕೇಸು ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ, ಅದಕ್ಕೇ ಎನ್‌ಕೌಂಟರ್ ಬೇಕು ಅಂತ ಅವತ್ತು ಪೇಡೆ ತಿಂದವರೆಲ್ಲ ಹೇಳಿದ್ದೆವು. ಅದೇ ರಾಜ್ಯ, ಅದೇ ವಾರ, ಬಡವಿಯೊಬ್ಬಳ ಕೇಸು. ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಿತು.

ನಾನು ತಯಾರಿ ಮಾಡಿಕೊಂಡಿದ್ದು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಕೆಲವು ಪ್ರಶ್ನೆಗಳು ಬಂದವು. ಆ ಪುಟ ಕಟ್ಟುವ ಹುಡುಗನ ಮೇಲೆ ಈಗ ಸಿಟ್ಟಿದೆಯಾ ಎಂದು ಒಬ್ಬ ಕೇಳಿದ. ಇಲ್ಲ ಅಂದೆ. ಅವನಿಗೆ ಮದುವೆಗೆ ಬಂದ ಇಬ್ಬರು ತಂಗಿಯರಿದ್ದರು, ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುವವರು. ಎರಡನೇ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದ್ದು ಮಾತ್ರ ಇಲ್ಲಿ ಬರೆಯುತ್ತೇನೆ.)

"ಮೇಡಂ, ಆ ತೀರ್ಪಿನ ಸುದ್ದಿ ನಿಮ್ಮ ಪೇಪರಿನಲ್ಲಿ ಎಲ್ಲಿ ಬಂತು?"

ಜನವರಿ 30 ದೊಡ್ಡ ಸುದ್ದಿಗಳ ದಿನ. ಕೇರಳದಲ್ಲಿ ದೇಶದ ಮೊದಲ ಕೊರೊನಾ ಪ್ರಕರಣ ಪತ್ತೆಯಾದದ್ದು ಅವತ್ತೇ. ದಿಲ್ಲಿಯ ಜಾಮಿಯಾ ಹತ್ತಿರ ಪ್ರತಿಭಟನೆ ಮೇಲೆ ಒಬ್ಬ ಹುಡುಗ ಗುಂಡು ಹಾರಿಸಿದ್ದೂ ಅವತ್ತೇ. ನಿರ್ಭಯಾ ಅಪರಾಧಿಗಳ ಗಲ್ಲಿಗೆ ಎರಡೇ ದಿನ ಬಾಕಿ ಇತ್ತು, ಆಗುತ್ತೋ ಇಲ್ಲವೋ ಅನ್ನುವ ಲೆಕ್ಕಾಚಾರ ನಡೆದಿತ್ತು. ಸಮತಾ ಒಳಪುಟಕ್ಕೆ ಹೋದಳು ಅನಿಸುತ್ತೆ, ನಾಲ್ಕು ಸಾಲು ಇರಬಹುದು. ನಾನೇ ಹಾಕಿದ್ದೆನಾ, ಬೇರೆಯವರಾ, ಅದೂ ನೆನಪಿಲ್ಲ. ಇಲ್ಲಿಗೆ ಬರುವ ಮುಂಚೆ ಮನೆಯಲ್ಲಿ ಕಪಾಟು ತೆಗೆದು ಹುಡುಕಿದೆ. ಡಿಸೆಂಬರ್ 7ರ ಮುಖಪುಟ ಮಡಚಿ ಇಟ್ಟುಕೊಂಡಿದ್ದೇನೆ, ಎಂಟು ಕಾಲಂ ಹೆಡ್ಡಿಂಗು, ಹೂವಿನ ಫೋಟೊ, ಒಂದು ಮೂಲೆಗೆ ಪೇಡೆಯ ತುಪ್ಪದ ಕಲೆ. ಜನವರಿ 31ರ ಪೇಪರ್ ಇಲ್ಲ.